ಮಳೆಗಾಲ ದಾಟದ ಪೆನ್ನು ಯಾಕೆ ಬೇಕು?

ಮೊದಲೇ ಹೇಳಿಬಿಡ್ತೀನಿ. ದಿನಾ ಬರೆಯೋದಕ್ಕೆ 500 ರೂಪಾಯಿಗಿಂತ ಹೆಚ್ಚಿನ ಇಂಕ್ ಪೆನ್ ಯಾರಿಗೂ ಬೇಕಾಗಿಲ್ಲ. ಅದರಾಚೆ ಕೊಡುವ ದುಡ್ಡು ಬರವಣಿಗೆಗೆ ಹೋಗುವುದಿಲ್ಲ, ಒಡವೆಗೆ ಹೋಗುತ್ತದೆ. ಒಡವೆ ಕೊಳ್ಳಬೇಡಿ ಅಂತ ನಾನು ಯಾರಿಗೂ ಹೇಳೋದಿಲ್ಲ. ನಿಮ್ಮ ಸಂಬಳ, ನಿಮ್ಮ ಇಷ್ಟ. ಆದರೆ ಒಡವೆಯನ್ನು ಒಡವೆ ಅಂತಲೇ ಕರೆಯಿರಿ. ‘ದಿನಾ ಬರೆಯೋಕೆ ಒಂದು ಒಳ್ಳೆ ಪೆನ್ ಹೇಳಿ’ ಅಂತ ಕೇಳಿಕೊಂಡು ಬಂದ ಪಾಪದ ಹುಡುಗನ ತಲೆಗೆ ಅದನ್ನು ಕಟ್ಟಬೇಡಿ.

ಇಷ್ಟು ಖಾರವಾಗಿ ಹೇಳೋದಕ್ಕೆ ಕಾರಣ ಇದೆ. ಬೆಂಗಳೂರಿನ ನಮ್ಮಂಥವರ ಆಫೀಸುಗಳಲ್ಲಿ ಈಗ ಇಂಕ್ ಪೆನ್ನಿನ ಗಾಳಿ ಬೀಸಿದೆ. ಇಡೀ ದಿನ ಕೀಬೋರ್ಡ್ ಕುಟ್ಟಿ ಬೇಸತ್ತವರಿಗೆ ಕೈಯಲ್ಲಿ ನಾಲ್ಕು ಸಾಲು ಬರೆಯಬೇಕು ಅನ್ನಿಸಿದರೆ ಸಂತೋಷವೇ. ಆದರೆ ಆ ಆಸೆ ಹುಟ್ಟಿದ ಮಾರನೇ ದಿನವೇ ಯಾರೋ ಒಬ್ಬರು ಪಟ್ಟಿ ಹಿಡಿದುಕೊಂಡು ಬರುತ್ತಾರೆ. ಮೊದಲಿಗೆ ‘ಸ್ಟಾರ್ಟರ್ ಪೆನ್’ ಅಂತೆ, ಎರಡೂವರೆ ಮೂರು ಸಾವಿರ. ಅದಕ್ಕೆ ತಕ್ಕ ವಿದೇಶಿ ಇಂಕು, ಇನ್ನೊಂದು ಸಾವಿರದ ಮೇಲೆ. ಆ ಇಂಕಿನ ಬಣ್ಣ ಚೆನ್ನಾಗಿ ಕಾಣಬೇಕಾದರೆ ಜಪಾನಿನ ಕಾಗದದ ನೋಟ್‌ಬುಕ್ಕು, ಅದೂ ಸಾವಿರದ ಮೇಲೆ. ಒಂದಕ್ಷರ ಬರೆಯುವ ಮೊದಲೇ ಐದು ಸಾವಿರ ಖಾಲಿ. ಆಮೇಲೆ ಬರೆಯುವುದೇನು? ‘ದ ಕ್ವಿಕ್ ಬ್ರೌನ್ ಫಾಕ್ಸ್’. ಪಕ್ಕದಲ್ಲಿ ಒಂದು ಕಪ್ ಫಿಲ್ಟರ್ ಕಾಫಿ ಇಟ್ಟು ಒಂದು ಫೋಟೊ. ಪೆನ್ನು ವಾಪಸ್ ಪೆಟ್ಟಿಗೆಗೆ. ಆರು ತಿಂಗಳಾದ ಮೇಲೆ ‘ಸ್ಟಾರ್ಟರ್ ಆಯ್ತು, ಇನ್ನು ಚಿನ್ನದ ನಿಬ್ಬು ನೋಡಬೇಕು’ ಅಂತ ಮಾತು.

ನಾನು ಬೆಳೆದದ್ದು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ, ಶಾಂತಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಪೆನ್ನು ಹವ್ಯಾಸ ಅಲ್ಲ. ಕತ್ತಿ, ಗುದ್ದಲಿಯ ಹಾಗೆ ಅದೂ ಒಂದು ಸಾಮಾನು. ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವವರ ಹುದ್ದೆಯ ಹೆಸರೇ ‘ರೈಟರ್’. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರದ್ದು ಅರ್ಧ ದಿನ, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲ ಅವರ ಚೆಕ್‌ರೋಲಿನಲ್ಲಿ. ನಮ್ಮಂಥ ಸಣ್ಣ ಬೆಳೆಗಾರರ ಮನೆಯಲ್ಲಿ ರೈಟರ್ ಎಲ್ಲಿಂದ ಬರಬೇಕು? ಅಪ್ಪನೇ ಮೇಸ್ತ್ರಿ, ಅಪ್ಪನೇ ರೈಟರ್. ಅಪ್ಪನ ಹತ್ತಿರ ಮಳೆ ಬರೆಯುವ ಪುಸ್ತಕ ಒಂದಿದೆ. ದಿನಾ ಬೆಳಗ್ಗೆ ಅಂಗಳದ ಮಳೆಮಾಪಕ ನೋಡಿ ಬರೆದಿಡೋದು. ಕೊಡಗಿನ ತೋಟದವರು ಇವತ್ತಿಗೂ ಹೆಚ್ಚಾಗಿ ಮಳೆಯ ಲೆಕ್ಕವನ್ನು ಇಂಚು, ಸೆಂಟಿನಲ್ಲೇ ಮಾತಾಡೋದು. ಒಂದು ಇಂಚಿಗೆ 100 ಸೆಂಟು. ‘ನಿಮ್ಮಲ್ಲಿ ಎಷ್ಟು ಬಿತ್ತು?’ ‘ಎಂಬತ್ತು ಸೆಂಟು.’ ಹೂಮಳೆ ಯಾವ ದಿನ ಎಷ್ಟು ಬಿತ್ತು, ಅದರ ಬೆನ್ನಿಗೆ ಬರಬೇಕಾದ ಮಳೆ ಎಷ್ಟು ದಿನಕ್ಕೆ ಬಂತು ಅನ್ನೋದರ ಮೇಲೆ ಆ ವರ್ಷದ ಫಸಲು ನಿಂತಿರುತ್ತೆ. ಹತ್ತು ವರ್ಷದ ಹಿಂದಿನ ಪುಟ ತೆಗೆದು ನೋಡಬೇಕಾದ ಸಂದರ್ಭ ನಿಜವಾಗಿಯೂ ಬರುತ್ತೆ.

ಈ ಥರದ ಬರವಣಿಗೆಗೆ ಯಾವ ಪೆನ್ನು ಸರಿ ಅನ್ನೋದು ನನ್ನ ಪ್ರಶ್ನೆ. ಎ.ಸಿ. ಕೋಣೆಯಲ್ಲಿ ದಪ್ಪ ಕಾಗದದ ಮೇಲೆ ಬರೆದು ತೋರಿಸೋದು ಡೆಮೊ. ಜುಲೈ ತಿಂಗಳ ಕೊಡಗು ಪ್ರೊಡಕ್ಷನ್. ಸಾಫ್ಟ್‌ವೇರಿನವರಿಗೆ ಇವೆರಡರ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೇ ಪರೀಕ್ಷೆ ಕಾಗದದ್ದು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಬಟ್ಟೆ ಒಣಗೋದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತೆ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತೆ. ಕಾಗದ ಮಾತ್ರ ಗರಿಗರಿಯಾಗಿ ಇರುತ್ತಾ? ಕಾಗದ ಅಂದರೆ ನಾರಿನ ಹೆಣಿಗೆ. ಇಂಕು ಆ ನಾರಿನ ಗುಂಟ ಹರಿದುಹೋಗದಿರಲಿ ಅಂತ ಕಾರ್ಖಾನೆಯಲ್ಲಿ ಅದಕ್ಕೆ ಗಂಜಿಯಂಥ ಲೇಪ ಕೊಟ್ಟಿರುತ್ತಾರೆ. ಅಗ್ಗದ ನೋಟ್‌ಬುಕ್ಕಿನಲ್ಲಿ ಈ ಲೇಪ ಕಡಿಮೆ. ಜೊತೆಗೆ ತೇವವೂ ಸೇರಿದರೆ ಇಂಕು ಗೆರೆಯಲ್ಲಿ ನಿಲ್ಲೋದಿಲ್ಲ, ಬೇರು ಬಿಟ್ಟ ಹಾಗೆ ಅಕ್ಕಪಕ್ಕ ಹರಡುತ್ತೆ, ಹಿಂದಿನ ಪುಟಕ್ಕೂ ಇಳಿಯುತ್ತೆ. ‘ಆಹಾ, ಎಷ್ಟು ಧಾರಾಳವಾಗಿ ಇಂಕು ಬಿಡುತ್ತೆ’ ಅಂತ ವಿಮರ್ಶೆ ಬರೆಯುವವರು ಮೆಚ್ಚುವ ಪೆನ್ನು ನಮ್ಮೂರಲ್ಲಿ ಉಪದ್ರವ. ಇಲ್ಲಿ ಬೇಕಾದದ್ದು ಜಿಪುಣ ಪೆನ್ನು. ಸಣ್ಣ ತುದಿ, ಕಡಿಮೆ ಹರಿವು.

ಇದಕ್ಕೆ ಅವರ ಉತ್ತರ ಸಿದ್ಧ ಇದೆ: ‘ಒಳ್ಳೆ ಕಾಗದ ತಗೊಳ್ಳಿ’. ಸರಿ ಸ್ವಾಮಿ. ಆದರೆ ದಿನನಿತ್ಯದ ಬರವಣಿಗೆಯ ಕಾಗದವನ್ನು ನಾವು ಆರಿಸೋದಿಲ್ಲವಲ್ಲ. ಬ್ಯಾಂಕಿನ ಫಾರ್ಮು, ಸೊಸೈಟಿಯ ಅರ್ಜಿ, ಮಗಳ ಶಾಲೆಯ ಡೈರಿ, ಆಫೀಸಿನ ಪ್ರಿಂಟರಿನ ಹಾಳೆ, ಎಲ್ಲವೂ ಸಿಕ್ಕಿದ ಕಾಗದ. ಒಂದೇ ಬಗೆಯ ಕಾಗದದ ಮೇಲೆ ಮಾತ್ರ ಚೆನ್ನಾಗಿ ಬರೆಯುವ ಪೆನ್ನು ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡ್ತಾ ಇತ್ತು’ ಅನ್ನುವ ಪ್ರೋಗ್ರಾಮಿನ ಹಾಗೆ. ಅದನ್ನು ರಿಲೀಸ್ ಮಾಡಿದವನಿಗೆ ನಮ್ಮ ಮ್ಯಾನೇಜರು ಏನು ಹೇಳ್ತಾರೆ ಅಂತ ನಿಮಗೇ ಗೊತ್ತು.

ಎರಡನೇ ಪರೀಕ್ಷೆ ನಮ್ಮ ಲಿಪಿಯದ್ದು. ಇದನ್ನು ಯಾರೂ ಮಾಡೋದಿಲ್ಲ, ಅದೇ ನನಗೆ ಹೊಟ್ಟೆ ಉರಿ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ನೋಡಿ ‘ಮೀಡಿಯಂ ನಿಬ್ ತಗೊಳ್ಳಿ, ಬೆಣ್ಣೆ ಥರ ಓಡುತ್ತೆ’ ಅಂತಾರೆ. ಕನ್ನಡದಲ್ಲಿ ಬರೆದು ನೋಡಿ ಮಾರಾಯ್ರೆ. ‘ರ’ದ ಹೊಟ್ಟೆಯೊಳಗೆ ಒಂದು ಚುಕ್ಕೆ ಇಟ್ಟರೆ ‘ಠ’. ‘ದ’ದ ಬುಡಕ್ಕೆ ಒಂದು ಸಣ್ಣ ಸೀಳು ಎಳೆದರೆ ‘ಧ’. ದಪ್ಪ ನಿಬ್ಬಿನಲ್ಲಿ, ತೇವದ ಕಾಗದದ ಮೇಲೆ, ಆ ಹೊಟ್ಟೆ ಇಂಕಿನಿಂದ ತುಂಬಿಹೋದರೆ ಮರ ಯಾವುದು, ಮಠ ಯಾವುದು? ದನ ಯಾವುದು, ಧನ ಯಾವುದು? ಇನ್ನು ಒತ್ತಕ್ಷರ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯೋದು ಜಿ, ವೈ ಥರದ ನಾಲ್ಕಾರು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಗೆರೆಯ ಕೆಳಗೇ ಒಂದು ಸಂಸಾರ ಇದೆ. ‘ರಾಷ್ಟ್ರ’ದಲ್ಲಿ ಷ ಮೇಲೆ, ಟ ಅದರಡಿಗೆ, ರ ಅದರ ಪಕ್ಕಕ್ಕೆ. ಅಷ್ಟನ್ನೂ ನೋಟ್‌ಬುಕ್ಕಿನ ಎರಡು ಗೆರೆಗಳ ನಡುವೆ ಕೂರಿಸಬೇಕು.

ಜಪಾನಿನವರ ಅಕ್ಷರಗಳೂ ಹೀಗೇ ದಟ್ಟ. ಅವರ ‘ಫೈನ್’ ನಿಬ್ಬು ಯುರೋಪಿನವರ ‘ಫೈನ್’ಗಿಂತ ಸಾಮಾನ್ಯವಾಗಿ ಒಂದು ಅಳತೆ ಸಣ್ಣ. ಅವರು ತಮ್ಮ ಲಿಪಿಗೆ ತಕ್ಕ ನಿಬ್ಬು ಮಾಡಿಕೊಂಡರು. ನಾವು ಕನಿಷ್ಠ ನಮ್ಮ ಲಿಪಿಯಲ್ಲಿ ಬರೆದು ನೋಡಿ ಕೊಳ್ಳಬಹುದಲ್ಲ? ಅಂಗಡಿಯಲ್ಲಿ ನಿಬ್ಬನ್ನು ಇಂಕಿಗೆ ಅದ್ದಿ ಬರೆಯಲು ಕೊಟ್ಟಾಗ ಕಂದು ನರಿಯನ್ನು ಬಿಟ್ಟುಬಿಡಿ. ‘ಮಠದ ಮರ, ದನದ ಧನ, ರಾಷ್ಟ್ರ, ಸ್ತ್ರೀ’ ಅಂತ ಬರೆಯಿರಿ. ಅದೂ ಅಂಗಡಿಯವರು ಕೊಡುವ ನುಣುಪು ಕಾಗದದ ಮೇಲೆ ಬೇಡ. ನಿಮ್ಮದೇ ಅಗ್ಗದ ನೋಟ್‌ಬುಕ್ಕಿನ ಹಾಳೆಯೊಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರು ಒಂಥರಾ ನೋಡ್ತಾರೆ. ನೋಡಲಿ.

ಮೂರನೇದು: ಒಂದು ವಾರ ಸುಮ್ಮನೆ ಇಟ್ಟ ಪೆನ್ನು ಮೊದಲ ಗೆರೆಗೇ ಬರೆಯಬೇಕು. ಕೊಡವಿ, ಬಾಯಿಂದ ಉಫ್ ಅಂತ ಊದಿ, ನೆಲಕ್ಕೆ ಇಂಕು ಸಿಡಿಸಿ ಶುರು ಮಾಡಬೇಕಾದ ಪೆನ್ನು ದಿನಬಳಕೆಯದ್ದಲ್ಲ. ಇದು ನಿಬ್ಬಿಗಿಂತ ಹೆಚ್ಚಾಗಿ ಕ್ಯಾಪಿನ ವಿಷಯ. ಕ್ಯಾಪು ಗಾಳಿಯಾಡದ ಹಾಗೆ ಮುಚ್ಚಿದರೆ ನಿಬ್ಬಿನ ಸೀಳಿನಲ್ಲಿರುವ ಇಂಕು ಒಣಗೋದಿಲ್ಲ. ಕ್ಯಾಪಿನ ಬಾಯಿಗೆ ತುಟಿ ಇಟ್ಟು ಊದಿ ನೋಡಿ. ಗಾಳಿ ಆಚೆ ಹೋಗ್ತಾ ಇದ್ದರೆ ಇಂಕೂ ಹೋಗುತ್ತೆ. ಜಪಾನಿನ ಪ್ಲಾಟಿನಂ ಕಂಪನಿಯವರು ‘ಪ್ರೆಪಿ’ ಅಂತ ಅತಿ ಕಡಿಮೆ ಬೆಲೆಯ ಪ್ಲಾಸ್ಟಿಕ್ ಪೆನ್ನಿಗೂ ಒಳಗೆ ಸ್ಪ್ರಿಂಗ್ ಇರುವ ಮುಚ್ಚಳ ಕೊಟ್ಟು, ಒಂದು ವರ್ಷ ಇಟ್ಟರೂ ಒಣಗೋದಿಲ್ಲ ಅಂತಾರೆ. ಕಂಪನಿಯ ಮಾತಿನಲ್ಲಿ ಅರ್ಧ ಕಳೆದರೂ ಆರು ತಿಂಗಳಾಯ್ತು. ಅದೇ ಹೊತ್ತಿಗೆ ಲೋಹದ ಮೈಯ, ಪಾಲಿಶಿನ, ತೂಕದ ಎಷ್ಟೋ ಪೆನ್ನುಗಳು ನಾಲ್ಕು ದಿನಕ್ಕೆ ಮುಷ್ಕರ ಹೂಡುತ್ತವೆ. ಬೆಲೆಗೂ ಕ್ಯಾಪಿನ ಬಿಗಿಗೂ ಸಂಬಂಧವೇ ಇಲ್ಲ.

ನಾಲ್ಕನೇದು ಘಾಟಿ. ಮಂಗಳೂರಿನಲ್ಲಿ ಅರ್ಧ ಇಂಕಿರುವ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬನ್ನಿ. ಸಮುದ್ರ ಮಟ್ಟದಿಂದ 1100 ಮೀಟರಿಗೂ ಮೇಲೆ ಬಂದಿರುತ್ತೀರಿ. ಹೊರಗಿನ ಗಾಳಿಯ ಒತ್ತಡ ಶೇಕಡಾ 10ಕ್ಕೂ ಹೆಚ್ಚು ಇಳಿದಿರುತ್ತೆ. ಪೆನ್ನಿನೊಳಗೆ ಸಿಕ್ಕಿಕೊಂಡ ಗಾಳಿ ಅಷ್ಟೇ ಹಿಗ್ಗಿ ಇಂಕನ್ನು ಹೊರಕ್ಕೆ ದಬ್ಬುತ್ತೆ. ಇಂಕು ಕ್ಯಾಪಿಗೆ, ಕ್ಯಾಪಿನಿಂದ ಬಿಳಿ ಶರ್ಟಿಗೆ. ನಿಬ್ಬಿನ ಅಡಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ತುಂಡು ಇರುತ್ತಲ್ಲ, ಫೀಡ್ ಅಂತಾರೆ, ಅದರಲ್ಲಿ ಬಾಚಣಿಗೆಯಂಥ ಹಲ್ಲುಗಳು ಇರೋದು ಇಂಥ ಹೊತ್ತಿನಲ್ಲಿ ಹೆಚ್ಚಾದ ಇಂಕನ್ನು ಹಿಡಿದಿಟ್ಟುಕೊಳ್ಳೋಕೆ. ಮೈತುಂಬ ಇಂಕು ಸುರಿದು ಬಳಸುವ ಡ್ರಾಪರ್ ಪೆನ್ನುಗಳಲ್ಲಿ ಇಂಕು ಕಡಿಮೆಯಾದಂತೆ ಗಾಳಿ ಜಾಸ್ತಿ, ಹಾಗಾಗಿ ಸೋರಿಕೆಯೂ ಜಾಸ್ತಿ. ಒಂದೇ ಕಡೆ ಕೂತು ಪುಟಗಟ್ಟಲೆ ಬರೆಯುವವರಿಗೆ ಅವು ಚೆನ್ನ. ವಾರಕ್ಕೊಮ್ಮೆ ಘಾಟಿ ಇಳಿದು ಹತ್ತುವವರಿಗೆ, ವಿಮಾನದಲ್ಲಿ ಓಡಾಡುವವರಿಗೆ ಸಣ್ಣ ಟ್ಯಾಂಕಿನ ಪೆನ್ನೇ ವಾಸಿ. ತುಂಬಿಸಿಕೊಂಡು ಹೊರಡಿ, ನಿಬ್ಬು ಮೇಲಕ್ಕಿರಲಿ.

ಐದನೇದನ್ನು ಎಂಜಿನಿಯರುಗಳಿಗೆ ಒಂದೇ ಮಾತಿನಲ್ಲಿ ಹೇಳಬಹುದು: ವೆಂಡರ್ ಲಾಕ್-ಇನ್. ನಾನು ಐದು ವರ್ಷ ದುಡಿದದ್ದಕ್ಕೆ ಒಂದು ಕಂಪನಿಯವರು ಹೆಸರು ಕೆತ್ತಿದ ಪೆನ್ನು ಕೊಟ್ಟರು. ವೆಲ್ವೆಟ್ ಪೆಟ್ಟಿಗೆ, ಚಪ್ಪಾಳೆ, ಎಲ್ಲ ಆಯ್ತು. ಅದಕ್ಕೆ ಹಾಕಬೇಕಾದ ಕಾರ್ಟ್ರಿಜ್ಜು ಸೋಮವಾರಪೇಟೆಯಲ್ಲೂ ಇಲ್ಲ, ಕುಶಾಲನಗರದಲ್ಲೂ ಇಲ್ಲ. ಬೇರೆ ಯಾವ ಕಾರ್ಟ್ರಿಜ್ಜೂ ಅದಕ್ಕೆ ಕೂರೋದಿಲ್ಲ. ಪಾರ್ಕರ್, ಲಾಮಿ, ಪೈಲಟ್ ಕಂಪನಿಗಳದ್ದು ಒಂದೊಂದರದ್ದು ಒಂದೊಂದು ಅಳತೆ. ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಅನ್ನುವ ಅಳತೆಯೊಂದಿದೆ, ಹಲವು ಕಂಪನಿಗಳು ಅದನ್ನು ಪಾಲಿಸುತ್ತವೆ, ಇವು ಪಾಲಿಸೋದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಕನ್ವರ್ಟರ್ ಇದರ ಜೊತೆಗೇ ಬರುತ್ತಾ? ಬರೋದಿಲ್ಲ ಅಂದರೆ ಅದರ ಬೆಲೆಯನ್ನೂ ಪೆನ್ನಿನ ಬೆಲೆಗೆ ಸೇರಿಸಿ ಯೋಚಿಸಿ. ನಿಮ್ಮ ತಾಲ್ಲೂಕು ಕೇಂದ್ರದ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಇಂಕನ್ನು ಕುಡಿಯದ ಪೆನ್ನು ಎಷ್ಟೇ ಚೆಂದ ಇರಲಿ, ಊರಿಗೆ ಬಂದ ಕೂಡಲೇ ಅದು ಕಡ್ಡಿ.

ಈ ಐದೂ ಪರೀಕ್ಷೆ ಪಾಸಾಗುವ ಪೆನ್ನು 500 ರೂಪಾಯಿಯೊಳಗೆ ಸಿಗುತ್ತೆ ಅನ್ನೋದೇ ನನ್ನ ವಾದ. ಶಾಲೆ ಮಕ್ಕಳಿಗಾಗಿ ಮಾಡಿದ ಸ್ಟೀಲ್ ನಿಬ್ಬಿನ ಪೆನ್ನುಗಳನ್ನು ಕೀಳಾಗಿ ನೋಡಬೇಡಿ. ನಿಬ್ಬು, ಫೀಡು ಎರಡನ್ನೂ ಕೈಯಲ್ಲೇ ಎಳೆದು ತೆಗೆದು ನಲ್ಲಿ ಕೆಳಗೆ ತೊಳೆಯಲು ಬರುವಂಥದ್ದು ಆರಿಸಿ. ನಿಬ್ಬನ್ನು ಬೆಳಕಿಗೆ ಹಿಡಿದು ನೋಡಿ. ಸೀಳಿನ ಎರಡೂ ಹಾಳೆ ಒಂದೇ ಮಟ್ಟದಲ್ಲಿರಬೇಕು. ಮನೆಗೆ ತಂದ ಮೇಲೆ ಒಂದು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ಒಮ್ಮೆ ತೊಳೆದು ಇಂಕು ತುಂಬಿ. ಹೊಸ ಪೆನ್ನು ಬರೆಯೋದಿಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಕಾರ್ಖಾನೆಯ ಎಣ್ಣೆ ಜಿಡ್ಡು.

ಪೆನ್ನಿನ ಮಾತು ಇಷ್ಟು ಸಾಕು. ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಇಂಕಿನ ಬಗ್ಗೆ.

ಸಾಮಾನ್ಯ ಇಂಕು ಅಂದರೆ ನೀರಿನಲ್ಲಿ ಕರಗಿದ ಬಣ್ಣ. ಮಕ್ಕಳ ಬಟ್ಟೆಗೆ ಚೆಲ್ಲಿದರೆ ಹೋಗಲಿ ಅಂತ ‘ವಾಷಬಲ್’ ರಾಯಲ್ ಬ್ಲೂ ಮಾಡಿದರು. ಬಟ್ಟೆಯಿಂದ ಹೋಗುವ ಬಣ್ಣ ಪುಸ್ತಕದಿಂದಲೂ ಹೋಗುತ್ತೆ, ಬಿಸಿಲಿಗೂ ಮಾಸುತ್ತೆ. ಒಂದು ವರ್ಷ ಹಂಚಿನ ಸಂದಿಯಿಂದ ನೀರು ಇಳಿದು ಅಪ್ಪನ ಮಳೆ ಪುಸ್ತಕ ನೆನೆಯಿತು. ನೀಲಿಯಲ್ಲಿ ಬರೆದ ಪುಟಗಳಲ್ಲಿ ಉಳಿದದ್ದು ಆಕಾಶದ ಬಣ್ಣದ ಕಲೆ ಮಾತ್ರ. ಪರ್ಮನೆಂಟ್ ಕಪ್ಪಿನಲ್ಲಿ ಬರೆದ ತಿಂಗಳುಗಳು ಅಂಚು ಮಸುಕಾದರೂ ಓದಲು ಬಂದವು. ಮಳೆಯ ಲೆಕ್ಕವನ್ನೇ ಮಳೆ ತೊಳೆದುಕೊಂಡು ಹೋಯಿತು ಅಂತ ನಾವು ಈಗ ನಗುತ್ತೇವೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಮನೆ, ಮನೆಯ ಜೊತೆಗೆ ಕಾಗದಪತ್ರ ಎಲ್ಲ ಕಳಕೊಂಡವರ ಮುಂದೆ ಆ ನಗು ಬರೋದಿಲ್ಲ. ಮಣ್ಣಿನಡಿಗೆ ಹೋದದ್ದನ್ನು ಯಾವ ಇಂಕೂ ಉಳಿಸೋದಿಲ್ಲ, ನಿಜ. ಆದರೆ ಸೋರುವ ಸೂರು, ನೆನೆದ ಚೀಲ, ಬಸ್ಸಿನ ಕಿಟಕಿಯ ಎರಚಲು ನಮ್ಮ ಕಡೆ ವರ್ಷಾ ಇದ್ದದ್ದೇ. ಅಷ್ಟಕ್ಕಾದರೂ ತಡೆಯುವ ಇಂಕು ಬೇಡವೇ?

ಪರೀಕ್ಷೆ ಮನೆಯಲ್ಲೇ ಮಾಡಿಕೊಳ್ಳಿ, ಲೇಬಲ್ಲನ್ನು ನಂಬಬೇಡಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಒಂದು ದಿನ ಒಣಗಲು ಬಿಡಿ. ಅರ್ಧ ಹಾಳೆಯನ್ನು ಕತ್ತರಿಸಿ ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿ. ಇನ್ನರ್ಧವನ್ನು ಒಂದು ತಿಂಗಳು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಆಮೇಲೂ ಓದಲು ಬರುವುದು ಯಾವುದೋ ಅದು ನಿಮ್ಮ ಇಂಕು. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕನ್ನು ಮಾತ್ರ ಯಾವ ಕಾರಣಕ್ಕೂ ಈ ಪೆನ್ನಿಗೆ ಹಾಕಬೇಡಿ, ಅದರಲ್ಲಿರುವ ಅರಗು ಒಣಗಿ ಪೆನ್ನೇ ಕಟ್ಟಿಹೋಗುತ್ತೆ. ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ಇಂಕಿನ ಮೇಲೆ ಪೊರೆ ಕಂಡರೆ, ವಾಸನೆ ಬಂದರೆ ಅದೂ ಬೂಷ್ಟೇ. ಯೋಚನೆ ಮಾಡದೆ ಚೆಲ್ಲಿ.

ಈಗ ದುಬಾರಿ ಪೆನ್ನಿನವರ ವಾದಗಳಿಗೆ ಬರೋಣ. ‘ಚಿನ್ನದ ನಿಬ್ಬು ಬೇರೇನೇ’ ಅಂತಾರೆ. ಚಿನ್ನ ಯಾಕೆ ಬಂತು ಗೊತ್ತಾ? ಹಿಂದಿನ ಕಾಲದ ಕಬ್ಬಿಣಾಂಶದ ಇಂಕುಗಳಲ್ಲಿ ಆಮ್ಲ ಜಾಸ್ತಿ, ಉಕ್ಕಿನ ನಿಬ್ಬು ತುಕ್ಕು ಹಿಡಿಯುತ್ತಿತ್ತು, ಚಿನ್ನ ಹಿಡಿಯುತ್ತಿರಲಿಲ್ಲ. ಇವತ್ತು ಸ್ಟೇನ್‌ಲೆಸ್ ಸ್ಟೀಲ್ ಇದೆ. ಅದೂ ಅಲ್ಲದೆ, ಕಾಗದಕ್ಕೆ ತಾಗುವುದು ಚಿನ್ನವೂ ಅಲ್ಲ, ಉಕ್ಕೂ ಅಲ್ಲ. ತುದಿಗೆ ಬೆಸೆದ ಗಟ್ಟಿ ಲೋಹದ ಪುಟ್ಟ ಗುಂಡು. ಚಿನ್ನದ ಮೆದು ಕೆಲವರ ಕೈಗೆ ಇಷ್ಟವಾಗಬಹುದು. ಅದು ರುಚಿ, ಅಗತ್ಯ ಅಲ್ಲ.

‘ಜೀವಮಾನ ಪೂರ್ತಿ ಬರುತ್ತೆ, ಲೆಕ್ಕ ಹಾಕಿದರೆ ಅಗ್ಗವೇ’ ಅನ್ನೋದು ಇನ್ನೊಂದು. ಪೆನ್ನುಗಳು ವಯಸ್ಸಾಗಿ ಸಾಯೋದಿಲ್ಲ. ನಿಬ್ಬು ಕೆಳಮುಖವಾಗಿ ನೆಲಕ್ಕೆ ಬಿದ್ದು ಸಾಯುತ್ತವೆ, ಇಲ್ಲವೇ ಬ್ಯಾಂಕಿನಲ್ಲಿ ‘ಒಂದ್ನಿಮಿಷ ಪೆನ್ ಕೊಡ್ತೀರಾ ಸಾರ್’ ಅಂದವರ ಜೇಬಿಗೆ ಹೋಗುತ್ತವೆ. ಈ ಎರಡೂ ಅಪಘಾತದಿಂದ ಬೆಲೆಯ ಚೀಟಿ ಕಾಪಾಡೋದಿಲ್ಲ. ಕಾಪಾಡುವ ಉಪಾಯ ಒಂದೇ, ಪೆನ್ನನ್ನು ಮನೆಯಲ್ಲೇ ಬಿಟ್ಟು ಬರೋದು. ಮನೆಯಲ್ಲಿ ಬಿಟ್ಟು ಬಂದ ಮೇಲೆ ಆಫೀಸಿನಲ್ಲಿ ಏನು ಹಿಡಿದು ಬರೀತೀರಿ? ಎಚ್.ಆರ್. ಕೊಟ್ಟ ಬಾಲ್ ಪೆನ್ನು.

‘ಒಳ್ಳೆ ಪೆನ್ ಇದ್ದರೆ ಬರೆಯೋ ಹುಮ್ಮಸ್ಸು ಬರುತ್ತೆ’ ಅನ್ನುವುದಕ್ಕೆ ನಾನು ಉತ್ತರ ಕೊಡೋದಿಲ್ಲ. ವರ್ಷದ ಜಿಮ್ ಮೆಂಬರ್‌ಶಿಪ್ ಕಟ್ಟಿದವರನ್ನು ಮಾರ್ಚ್ ತಿಂಗಳಲ್ಲಿ ಕೇಳಿ ನೋಡಿ.

‘ಬಾಲ್ ಪೆನ್ನು ಬಿಸಾಡಿ ಪರಿಸರ ಹಾಳು, ಇಂಕ್ ಪೆನ್ನು ಹಸಿರು’ ಅನ್ನುವವರೂ ಇದ್ದಾರೆ. ಒಂದು ಪೆನ್ನನ್ನು ಹತ್ತು ವರ್ಷ ಬಳಸಿದರೆ ಆ ಮಾತು ಸರಿ. ನಲವತ್ತು ಪೆನ್ನು ಕೂಡಿಟ್ಟು, ಒಂದೊಂದಕ್ಕೂ ವಿಮಾನದಲ್ಲಿ ಪಾರ್ಸೆಲ್ ತರಿಸಿಕೊಂಡವರ ಬಾಯಲ್ಲಿ ಹಸಿರು ಅನ್ನೋ ಮಾತು ಬರಬಾರದು.

ಇನ್ನು ದೇಶಭಕ್ತಿಯ ವಾದ. ಪೆನ್ನಿಗೂ ಸ್ವದೇಶಿಗೂ ಹಳೆಯ ನಂಟು ಇದೆ, ಒಪ್ಪಿದೆ. ರಾಜಮಹೇಂದ್ರಿಯ ರತ್ನಂ ಅವರು 1930ರ ದಶಕದಲ್ಲಿ ದೇಸಿ ಪೆನ್ನು ಮಾಡಿ ಗಾಂಧೀಜಿಯವರಿಂದ ಮೆಚ್ಚುಗೆ ಪಡೆದರು. ಆದರೆ ಇವತ್ತಿನ ಲೆಕ್ಕ ನೋಡಿ. ನಾವೆಲ್ಲ ನಮ್ಮದು ಅಂದುಕೊಂಡು ಬೆಳೆದ, 1931ರಲ್ಲಿ ಮುಂಬೈಯಲ್ಲಿ ಶುರುವಾದ ಕ್ಯಾಮ್ಲಿನ್ ಕಂಪನಿ 2011ರಲ್ಲಿ ಜಪಾನಿನ ಕೊಕುಯೊ ಕೈಗೆ ಹೋಯಿತು. ಅಪ್ಪಟ ಅಮೆರಿಕದ್ದು ಅಂತ ಹೆಸರಾದ ಶೇಫರ್ ಬ್ರಾಂಡನ್ನು 2022ರಲ್ಲಿ ಕೊಂಡುಕೊಂಡವರು ನಮ್ಮ ಬೆಂಗಳೂರಿನ ವಿಲಿಯಂ ಪೆನ್ ಕಂಪನಿಯವರು. ಈಗ ಯಾವುದು ದೇಸಿ, ಯಾವುದು ವಿದೇಶಿ? ಬಾವುಟ ನೋಡಿ ಪೆನ್ನು ಕೊಳ್ಳಬೇಡಿ, ಬಾವುಟ ನೋಡಿ ಬಿಡಲೂ ಬೇಡಿ. ‘ಧ’ ಬರೆದರೆ ‘ಧ’ ಥರ ಕಾಣುತ್ತಾ ಅಂತ ನೋಡಿ.

ಹಾಗಂತ ಇಂಕ್ ಪೆನ್ನೇ ಎಲ್ಲಕ್ಕೂ ಮದ್ದು ಅಂತ ನಾನು ಹೇಳ್ತಿಲ್ಲ. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಬಿಲ್ಲು ಬರೆಯುವಾಗ ಒತ್ತಿ ಬರೆಯಬೇಕು. ಅಲ್ಲಿ ಬಾಲ್ ಪೆನ್ನೇ ರಾಜ. ಅದರ ಎಣ್ಣೆಯಂಥ ಇಂಕು ನೀರಿಗೂ ಜಗ್ಗೋದಿಲ್ಲ. ತೋಟದೊಳಗೆ ಕೊಡೆ ಹಿಡಿದುಕೊಂಡು ಚೀಟಿ ಬರೆಯೋದಾದರೆ ಪೆನ್ಸಿಲ್‌ನಷ್ಟು ನಂಬಿಕಸ್ಥ ಇನ್ನೊಂದಿಲ್ಲ. ಬಾಲ್ ಪೆನ್ನು ಹಿಡಿದವರನ್ನು ಕಂಡು ಮೂಗು ಮುರಿಯುವ ಇಂಕ್ ಪೆನ್ನಿನವರು ಅರ್ಧ ದಿನ ಒಬ್ಬ ರೈಟರ್ ಜೊತೆ ಕೂತು ಬರಲಿ. ಇಂಕ್ ಪೆನ್ನಿನ ಲಾಭ ಇರೋದು ಹೆಚ್ಚು ಹೊತ್ತು ಬರೆಯುವವರಿಗೆ. ಒತ್ತಬೇಕಾಗಿಲ್ಲ, ಹಾಗಾಗಿ ಬೆರಳು ನೋಯೋದಿಲ್ಲ. ದಿನಕ್ಕೆ ಎರಡು ಪುಟ ಬರೆಯೋರಿಗೆ ಇದು ದೊಡ್ಡ ಉಪಕಾರ. ದಿನಕ್ಕೆ ಎರಡು ಸಹಿ ಹಾಕೋರಿಗೆ ಇದರಿಂದ ಏನೂ ಆಗಬೇಕಾಗಿಲ್ಲ.

ಹಾಗಾಗಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳೋದೇ ಇಲ್ಲ: ಪೆನ್ನು ತಗೊಂಡು ಏನು ಬರೀತೀರಿ? ಮಳೆಯ ಲೆಕ್ಕ, ಮನೆಯ ಖರ್ಚು, ಅಜ್ಜಿ ಹೇಳಿದ ಮದ್ದಿನ ಸೊಪ್ಪಿನ ಹೆಸರು, ಜಮೀನಿನ ಗಡಿ ಎಲ್ಲಿಂದ ಎಲ್ಲಿಗೆ ಅಂತ ಅಪ್ಪನಿಗೆ ಮಾತ್ರ ಗೊತ್ತಿರುವ ಸಂಗತಿ. ಊರು ಬಿಟ್ಟು ಬಂದ ನಮ್ಮ ತಲೆಮಾರಿನವರು ಬರೆದಿಡಬೇಕಾದ್ದು ರಾಶಿ ಇದೆ. ಅದನ್ನು ಬಲ್ಲವರು ಒಬ್ಬೊಬ್ಬರಾಗಿ ಹೋಗ್ತಾ ಇದ್ದಾರೆ. ನಾವು ಇಲ್ಲಿ ಕೂತು ಯಾವ ನಿಬ್ಬು ಎಷ್ಟು ನುಣುಪು ಅಂತ ಚರ್ಚೆ ಮಾಡ್ತಾ ಇದ್ದೀವಿ.

ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು, ಪದ್ಧತಿಗಳನ್ನು ಹಾಡುವವರ ಬಾಯಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟರು. 1924ರಲ್ಲಿ ಅದು ‘ಪಟ್ಟೋಲೆ ಪಳಮೆ’ಯಾಗಿ ಅಚ್ಚಾಯಿತು. ಕೊಡಗಿನ ಗೌರಮ್ಮ 1939ರಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ಅಷ್ಟರೊಳಗೆ ಬರೆದ ಕಥೆಗಳನ್ನು ಕನ್ನಡಿಗರು ಇವತ್ತಿಗೂ ಓದುತ್ತಾರೆ. ಇವರು ಯಾವ ಪೆನ್ನಿನಲ್ಲಿ ಬರೆದರು ಅಂತ ಯಾರೂ ಕೇಳೋದಿಲ್ಲ, ಕೇಳಬೇಕಾಗಿಯೂ ಇಲ್ಲ. ಇಬ್ಬರೂ ಬರೆದದ್ದು ಇದೇ ಮಳೆಯ ಊರಿನಲ್ಲಿ.

ನಾಳೆ ಅಂಗಡಿಗೆ ಹೋಗಿ. 300 ರೂಪಾಯಿಯ ಆಚೀಚೆ ಒಂದು ಸಣ್ಣ ತುದಿಯ ಪೆನ್ನು, ನೀರಿಗೆ ಜಗ್ಗದ ಒಂದು ಬಾಟಲಿ ಇಂಕು, ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಗೊಳ್ಳಿ. ಮುಂದಿನ ಸಲ ಯಾರಾದರೂ ತಮ್ಮ ಹೊಸ ಪೆನ್ನು ತೋರಿಸಿದಾಗ ಎಷ್ಟು ಕೊಟ್ಟಿರಿ ಅಂತ ಕೇಳಬೇಡಿ. ಕಳೆದ ಪೆನ್ನಿನಲ್ಲಿ ಎಷ್ಟು ಬಾಟಲಿ ಇಂಕು ಖಾಲಿ ಮಾಡಿದಿರಿ ಅಂತ ಕೇಳಿ.